ಟೇಪಕ್ಕನ ನಲವತ್ತು ಹೆಜ್ಜೆ

ಅವಳ ನಿಜವಾದ ಹೆಸರಿಗೆ ಹಾಜರಿ ಪುಸ್ತಕದ ಹೊರಗೆ ಕೆಲಸವೇ ಇರಲಿಲ್ಲ. ರಸ್ತೆಗೆ ಬಿಳಿ ಗೆರೆ ಹಾಕುವ ಆ ಏಳು ಜನರ ತಂಡಕ್ಕೆ ಅವಳು ಟೇಪಕ್ಕ. ಅಳತೆ ಟೇಪು ಹಿಡಿಯುತ್ತಿದ್ದಳೆಂದು ಬಂದ ಹೆಸರಲ್ಲ. ಅವಳಿದ್ದ ಕಡೆ ಟೇಪೇ ಬೇಕಾಗುತ್ತಿರಲಿಲ್ಲವೆಂದು ಬಂದದ್ದು. ಟೇಪಕ್ಕನ ನಾಲ್ಕು ಹೆಜ್ಜೆ ಎಂದರೆ ಮೂರು ಮೀಟರ್. ನಲವತ್ತು ಹೆಜ್ಜೆ ಎಂದರೆ ಮೂವತ್ತು. ಬೇಕಿದ್ದರೆ ಅಳೆದು ನೋಡಿ ಎಂದು ಅವಳು ಯಾರಿಗೂ ಸವಾಲು ಹಾಕಿದವಳಲ್ಲ. ಅಳೆದವರೇ ಅಳೆದು ಅಳೆದು ಸುಸ್ತಾಗಿ ಬಿಟ್ಟಿದ್ದರು.

ಹದಿನೇಳನೆಯ ವಯಸ್ಸಿಗೆ ತಲೆಯ ಮೇಲೆ ಜಲ್ಲಿ ಬುಟ್ಟಿ ಹೊತ್ತು ರಸ್ತೆಗೆ ಇಳಿದವಳು. ಜಲ್ಲಿ, ಡಾಂಬರು, ರೋಲರು ಎಲ್ಲ ಮುಗಿದ ಮೇಲೆ ಬರುವುದು ಬಣ್ಣದ ತಂಡ. ಅಲ್ಲಿಗೆ ಸೇರಿದ ಮೊದಲ ವರ್ಷವೇ ಬಟ್ಟೆಯ ಟೇಪೊಂದು ಕುದಿಯುವ ಬಣ್ಣದ ಬಾಯ್ಲರಿಗೆ ಬಿದ್ದು ಸುಟ್ಟ ಹುಳುವಿನ ಹಾಗೆ ಸುರುಟಿಹೋಯಿತು. ಆಗಿನ ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು ಕೂತ. ಪೇಟೆಗೆ ಹೋಗಿ ಹೊಸದು ತರುವಷ್ಟರಲ್ಲಿ ಬಾಯ್ಲರಿನಲ್ಲಿದ್ದದ್ದು ಕರಕಲಾಗಿ ದಿನವೇ ಹಾಳು.

"ನಾನು ನಡೀತೀನಿ, ಹಿಂದೆ ಗುರುತು ಹಾಕ್ಕೊಂಡು ಬನ್ನಿ," ಎಂದಳು ಇವಳು.

ನಕ್ಕರು. ಬೇರೆ ದಾರಿಯಿಲ್ಲದೆ ಗುರುತೂ ಹಾಕಿದರು. ಮರುದಿನ ಹೊಸ ಟೇಪು ತಂದು ಎಳೆದರೆ ಇನ್ನೂರು ಮೀಟರಿಗೆ ಒಂದು ಗೇಣಿನಷ್ಟು ಹೆಚ್ಚುಕಮ್ಮಿ. ಮೇಸ್ತ್ರಿ ಟೇಪನ್ನೇ ಅನುಮಾನದಿಂದ ತಿರುಗಿಸಿ ಮುರುಗಿಸಿ ನೋಡಿದ.

ಅಂದಿನಿಂದ ತಂಡಕ್ಕೆ ಒಂದು ರೂಢಿ ಬಿತ್ತು. ಟೇಪು ಸಾಹೇಬರಿಗೆ, ಹೆಜ್ಜೆ ಕೆಲಸಕ್ಕೆ. ಇಂಜಿನಿಯರ ಜೀಪು ಕಂಡರೆ ಮೇಸ್ತ್ರಿಯ ಚೀಲದಿಂದ ಉಕ್ಕಿನ ಟೇಪು ಹೊರಗೆ ಬರುತ್ತಿತ್ತು. ಜೀಪು ಮರೆಯಾದರೆ ಒಳಗೆ. ಹಳೆಯ ಮೇಸ್ತ್ರಿ ಹೋಗಿ, ಅವನ ಕೈಕೆಳಗೆ, ಗೆರೆ ರಾತ್ರಿ ಹೊಳೆಯಲೆಂದು ಹಸಿ ಬಣ್ಣದ ಮೇಲೆ ಗಾಜಿನ ಮಣಿ ಎರಚುತ್ತಿದ್ದವನು ಮೇಸ್ತ್ರಿಯಾದ. ರೂಢಿ ಬದಲಾಗಲಿಲ್ಲ. ಇಪ್ಪತ್ತಾರು ವರ್ಷ ಅವಳು ನಡೆದಳು, ಉಳಿದವರು ಅವಳ ಹೆಜ್ಜೆಯನ್ನು ನಂಬಿದರು. ಈ ಹೊಸ ಮೇಸ್ತ್ರಿ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಎದುರಿಗೆ "ಅಕ್ಕಾ" ಎನ್ನುತ್ತಿದ್ದ. ಅವಳು ನಾಲ್ಕು ಜನರ ಮುಂದೆ "ಮೇಸ್ತ್ರಿ" ಎಂದೂ, ಇಬ್ಬರೇ ಇದ್ದಾಗ "ಲೋ ತಮ್ಮಾ" ಎಂದೂ ಕರೆಯುತ್ತಿದ್ದಳು.

ಈಗ ಒಂದೂವರೆ ವರ್ಷದಿಂದ ಟೇಪಕ್ಕನ ಎಡ ಮಂಡಿ ಕೈಕೊಟ್ಟಿತ್ತು. ಸಮತಟ್ಟಿನಲ್ಲಿ ಪರವಾಗಿಲ್ಲ, ಏರು ಹತ್ತುವಾಗಲೂ ಹೇಗೋ ನಡೆಯುತ್ತಿತ್ತು. ಇಳಿಜಾರು ಬಂದರೆ ಮಾತ್ರ ಒಳಗೆ ಯಾರೋ ಉಳಿ ಇಟ್ಟು ಬಡಿದ ಹಾಗೆ. ಮಂಡಿಗೆ ಅಗಲ ಪಟ್ಟಿ ಸುತ್ತಿ, ಮೇಲೆ ಬಟ್ಟೆ ಇಳಿಬಿಟ್ಟು ಬರುತ್ತಿದ್ದಳು. ಕುಂಟಿದ್ದು ಯಾರ ಕಣ್ಣಿಗಾದರೂ ಬಿದ್ದರೆ "ಹೊಸ ಚಪ್ಪಲಿ, ಕಚ್ತಿದೆ" ಎನ್ನುತ್ತಿದ್ದಳು. ಒಂದೂವರೆ ವರ್ಷ ಕಚ್ಚುವ ಚಪ್ಪಲಿ ಯಾವುದೆಂದು ಯಾರೂ ಕೇಳಲಿಲ್ಲ.

ಮುಚ್ಚಿಡಲು ಕಾರಣವಿತ್ತು. ಈ ಕೆಲಸದಲ್ಲಿ ಯಾರನ್ನೂ ತೆಗೆದುಹಾಕುವುದಿಲ್ಲ. ಅಂಥ ಕಾಗದ ಬರೆಯುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಲಾರಿ ನಿಂತಾಗ ಮೇಸ್ತ್ರಿ ನಿಮ್ಮ ಕಡೆ ನೋಡುವುದಿಲ್ಲ, ಅಷ್ಟೇ. ಮೊದಲು ಗಾಡಿ ತಡೆಯುತ್ತಿದ್ದ, ಭುಜ ಹೋದ ಹಳೆಯ ಬಾವುಟದವನಿಗೆ ಹಾಗೆಯೇ ಆಗಿತ್ತು. ಹನ್ನೊಂದು ದಿನ ಆ ಮನುಷ್ಯ ಊಟದ ಡಬ್ಬಿ ಹಿಡಿದು ಬಂದು ನಿಂತ. ಹನ್ನೆರಡನೆಯ ದಿನ ಬರಲಿಲ್ಲ. ದುಡಿಯುವವರೆಗೆ ಅಕ್ಕ, ಅಣ್ಣ. ಮುರಿದ ಮೇಲೆ ನೀನ್ಯಾರೋ ನಾನ್ಯಾರೋ.

ಹೀಗಿರುವಾಗ ಸಾಬೂನು ಕಾರ್ಖಾನೆಯ ಇಳಿಜಾರಿನ ಕೆಲಸ ಬಂತು. ಮೇಲೆ ಹೆದ್ದಾರಿ, ಕೆಳಗೆ ಕಾರ್ಖಾನೆಯ ಗೇಟು. ನಡುವಿನ ರಸ್ತೆ ನೆಟ್ಟಗೆ, ನುಣ್ಣಗೆ, ಜಾರುಬಂಡೆಯ ಹಾಗೆ ಇಳಿಯುತ್ತದೆ. ಹೆದ್ದಾರಿಯ ವೇಗದಲ್ಲೇ ಲಾರಿಗಳು ಇಳಿಜಾರಿಗೆ ತಿರುಗುತ್ತಿದ್ದವು. ಗೇಟಿನ ಮುಂದೆ ಜನ ಅಡ್ಡ ದಾಟುತ್ತಿರುವುದು ಕಣ್ಣಿಗೆ ಬೀಳುವ ಹೊತ್ತಿಗೆ ಹೊತ್ತು ಮೀರಿರುತ್ತಿತ್ತು. "ನಿಧಾನ" ಎಂಬ ಬೋರ್ಡು ನೆಟ್ಟಿದ್ದರು. ಒಂದು ಲಾರಿ ಆ ಬೋರ್ಡಿಗೇ ಗುದ್ದಿತ್ತು.

ಹಾಗಾಗಿ ಗಡಗಡ ಪಟ್ಟಿ ಹಾಕುವುದೆಂದು ತೀರ್ಮಾನವಾಯಿತು. ಕಾಗದದ ಮೇಲೆ ಅದಕ್ಕೆ ರಂಬಲ್ ಸ್ಟ್ರಿಪ್ ಎಂದು ಹೆಸರು. ತಂಡದವರಿಗೆ ಬರೀ ಗಡಗಡ. ರಸ್ತೆಯುಬ್ಬು ಬೇರೆ, ಗಡಗಡ ಬೇರೆ. ಉಬ್ಬು ಗಾಡಿಯ ಸೊಂಟ ಮುರಿಯುತ್ತದೆ. ಗಡಗಡ ಚಾಲಕನ ಕಿವಿ ಹಿಂಡುತ್ತದೆ. ಬೆರಳಿನ ದಪ್ಪವೂ ಇಲ್ಲದ ಅಡ್ಡಪಟ್ಟಿಗಳು, ಆರಾರು ಸೇರಿ ಒಂದು ಕಂತು. ಟೈರು ಅವುಗಳ ಮೇಲೆ ಉರುಳಿದರೆ ನಡುಕ ಸ್ಟಿಯರಿಂಗಿನಿಂದ ಅಂಗೈಗೆ, ಸೀಟಿನಿಂದ ಬೆನ್ನುಮೂಳೆಗೆ ಏರುತ್ತದೆ. ಬೋರ್ಡು ಓದಬೇಕಾದರೆ ಕಣ್ಣು ತೆರೆದಿರಬೇಕು. ಗಡಗಡಕ್ಕೆ ಆ ಹಂಗಿಲ್ಲ. ಮುಚ್ಚಿದ ಕಣ್ಣನ್ನೇ ಅದು ಹುಡುಕಿಕೊಂಡು ಬರುವುದು.

ನಕ್ಷೆಯಲ್ಲಿ ಏಳು ಕಂತು ಇದ್ದವು. ಕಂತಿನಿಂದ ಕಂತಿಗೆ ಮೂವತ್ತು ಮೀಟರ್, ಎಲ್ಲ ಸಮಸಮ. ಕಂತಿನೊಳಗಿನ ಪಟ್ಟಿಗಳಿಗೆ ಮರದ ಅಳತೆ ಕೋಲಿತ್ತು. ಕಂತುಗಳ ನಡುವಿನ ದೂರಕ್ಕೆ ಟೇಪಕ್ಕ ಇದ್ದಳು. ಮೇಲಿನ ಕಂಬದಿಂದ ಶುರು ಮಾಡಿ ಕೆಳಗೆ ಇಳಿಯುತ್ತಾ ಬರಬೇಕು. ಬಾಯ್ಲರಿನವನು ಬಣ್ಣದ ಪುಡಿಯ ಮೂಟೆ ಸುರಿದು ಕಲಕುತ್ತಿದ್ದ. ಇಬ್ಬರು ಪಟ್ಟಿ ಎಳೆಯುವ ಗಾಲಿಯ ಬಣ್ಣದ ಪೆಟ್ಟಿಗೆ ತಳ್ಳುತ್ತಿದ್ದರು. ಮಣಿ ಎರಚುವವಳು ಹಸಿ ಪಟ್ಟಿಯ ಮೇಲೆ ಗಾಜಿನ ಮಣಿ ಚೆಲ್ಲುತ್ತಿದ್ದಳು. ಕೆಂಪು ಬಾವುಟದವನು ಗಾಡಿಗಳ ಜೊತೆ ಜಗಳವಾಡುತ್ತಿದ್ದ.

ಮೊದಲ ನಲವತ್ತು ಹೆಜ್ಜೆ ಸರಿಯಾಗಿಯೇ ಬಂದವು. ಎರಡನೆಯದರಲ್ಲಿ ಮಂಡಿ ಗೊಣಗತೊಡಗಿತು. ಮೂರನೆಯದಕ್ಕೆ ಹಲ್ಲು ಕಚ್ಚಿದಳು. ನಾಲ್ಕು, ಐದು, ಆರು... ಬಿಸಿಲು ನೆತ್ತಿಗೆ ಬಂದಿತ್ತು, ಕೆಳಗಿನ ರಸ್ತೆ ಕಣ್ಣೆದುರು ನೀರಿನ ಹಾಗೆ ಅಲುಗುತ್ತಿತ್ತು. ಅವಳು ಎಣಿಸುತ್ತಿದ್ದದ್ದು ನಲವತ್ತೇ. ಎಣಿಕೆಯಲ್ಲಿ ಅವಳಿಗೆ ಯಾವತ್ತೂ ತಪ್ಪಿಲ್ಲ. ಕಾಲು ಮಾತ್ರ ಒಂದೊಂದು ಕಂತಿಗೂ ಒಂದಿಷ್ಟು ಹಿಂದೆ ಸರಿಯುತ್ತಾ ಬಂತು.

ಏಳನೆಯ ಕಂತು ಮುಗಿದಾಗ ಗೇಟು ಇನ್ನೂ ಬಹಳ ದೂರವಿತ್ತು. ಮೇಸ್ತ್ರಿ ಕಣ್ಣು ಕಿರಿದು ಮಾಡಿ ನೋಡಿದ.

"ಯಾಕೋ ಮೇಲೇ ಮುಗಿದುಹೋಯ್ತಲ್ಲ! ಶುರು ಮಾಡೋ ಕಂಬಾನೇ ತಪ್ಪು ನೆಟ್ಟಿದಾರೆ ಬೋಳಿಮಕ್ಕಳು."

ಟೇಪಕ್ಕನ ಹೆಜ್ಜೆ ತಪ್ಪಿರಬಹುದೆಂದು ಅವನಿಗೆ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ.

ಹೊಳೆದದ್ದು ಮೂರು ವಾರದ ಮೇಲೆ, ಅವಳ ಮನೆಯ ಅಡುಗೆ ಕೋಣೆಯಲ್ಲಿ. ಗಂಡ ಬಸ್ಸಿನ ಡ್ರೈವರ್. ಆ ವಾರವಷ್ಟೇ ಅವನನ್ನು ಸಾಬೂನು ಕಾರ್ಖಾನೆಯ ದಾರಿಗೆ ಹಾಕಿದ್ದರು. ಕೈ ತೊಳೆದು ಊಟಕ್ಕೆ ಕೂತವನೇ ಶುರು ಮಾಡಿದ.

"ಆ ಇಳಿಜಾರಲ್ಲಿ ಗಡಗಡ ಹಾಕಿದಾನಲ್ಲ, ಯಾವ ತಲೆಕೆಟ್ಟ ನನ್ಮಗ ಹಾಕಿದ್ದು ಅದನ್ನ?"

"ಯಾಕೆ, ಏನಾಗಿದೆ?" ಎಂದಳು ಬಡಿಸುತ್ತಿದ್ದವಳು.

"ಮೊದಲನೇದು ಗಡಗಡ ಅಂತು. ಸರಿ. ಎರಡನೇದೂ ಸರಿ. ಆಮೇಲೆ ಬರಬರ್ತಾ ಬೇಗ ಬೇಗ ಬಡಿಯುತ್ತೆ ಕಣೇ. ನಾನು ನಲವತ್ತರಲ್ಲಿದೀನಿ, ಆದ್ರೆ ಗಾಡಿ ಕೈ ಮೀರಿ ಓಡ್ತಿದೆ ಅಂತ ಅನ್ಸುತ್ತೆ. ಎದೆ ಧಸಕ್ ಅನ್ನುತ್ತೆ. ಮೀಟರ್ ನೋಡಿದ್ರೆ ಅಷ್ಟೇ ಇದೆ! ನೋಡೋ ಮುಂಚೆನೇ ಕಾಲು ಬ್ರೇಕ್ ಮೇಲೆ ಹೋಗಿ ಕೂತಿರುತ್ತೆ. ಮೂವತ್ತು ವರ್ಷ ಗಾಡಿ ಓಡಿಸಿದೀನಿ, ನನ್ನ ಕಾಲು ನನ್ನ ಮಾತು ಕೇಳದೆ ಇದ್ದದ್ದು ಇದೇ ಮೊದಲು."

ಟೇಪಕ್ಕ ಸೌಟು ಕೈಯಲ್ಲಿ ಹಿಡಿದೇ ಕೂತಳು. ಇಳಿಜಾರು, ಬಿಸಿಲು, ಮಂಡಿ, ನಲವತ್ತು. ಎಲ್ಲ ಒಂದರ ಹಿಂದೆ ಒಂದು ಬಂದು ಸಾಲಾಗಿ ನಿಂತವು.

"ನನ್ನ ಕಾಲೂ ಕೇಳಲಿಲ್ಲ," ಎಂದಳು. "ಅದನ್ನ ಅಳೆದದ್ದು ನಾನು."

ಗಂಡನಿಗೆ ಅರ್ಥವಾಗಲು ಎರಡು ತುತ್ತಿನ ಹೊತ್ತು ಹಿಡಿಯಿತು. ಮಂಡಿಯ ವಿಷಯ ಅವನೊಬ್ಬನಿಗೆ ಗೊತ್ತಿತ್ತು. ಅರ್ಥವಾದದ್ದೇ ತಡ, ನಗು ನೆತ್ತಿಗೇರಿ ಕೆಮ್ಮಿದ.

"ನಿನ್ನ ಮಂಡಿ ಹಾಕಿದ ಗಡಗಡನಾ ಅದು? ಮನೇಲಿ ನನ್ನ ಕಿವಿ ಹಿಂಡಿದ್ದು ಸಾಲದು ಅಂತ ರಸ್ತೆ ಮೇಲೂ ಬಂದ್ಯಾ?"

"ನಗಬೇಡ. ತಪ್ಪಾಗಿದೆ ಅದು."

"ತಪ್ಪೋ ಸರಿಯೋ, ಬಾಯ್ಮುಚ್ಕೊಂಡಿರು. ಹೇಳಿದ್ರೆ ನಾಳೆಯಿಂದ ಮನೇಲೇ."

ಬಾಯಿ ಮುಚ್ಚಿಕೊಂಡಿರುವುದು ಅವಳ ಜಾಯಮಾನದಲ್ಲಿರಲಿಲ್ಲ, ಆದರೂ ಈ ಸಲ ಮುಚ್ಚಿದಳು. ಅನುಮಾನ ಮಾತ್ರ ಬಿಡಲಿಲ್ಲ. ಮರುದಿನ ಕೆಲಸ ಬೇಗ ಮುಗಿದಾಗ ಮೇಸ್ತ್ರಿಯ ಚೀಲದಿಂದ ಉಕ್ಕಿನ ಟೇಪು ಎತ್ತಿಕೊಂಡು ಗಂಡನ ಬಸ್ಸು ಹತ್ತಿ ಇಳಿಜಾರಿಗೆ ಹೋದಳು. ಕಾರ್ಖಾನೆಯ ಗೇಟಿನೆದುರು ಪಂಕ್ಚರ್ ಅಂಗಡಿಯವನೊಬ್ಬ ಟೈರುಗಳ ನಡುವೆ ಕೂತಿದ್ದ. ಅವನನ್ನು ಎಬ್ಬಿಸಿ, ಟೇಪಿನ ಒಂದು ತುದಿ ಅವನ ಕೈಗೆ ಕೊಟ್ಟು, ಮೇಲಿನಿಂದ ಅಳೆದಳು. ಮೂವತ್ತು. ಇಪ್ಪತ್ತೆಂಟು. ಇಪ್ಪತ್ತಾರು. ಇಪ್ಪತ್ತನಾಲ್ಕು. ಇಪ್ಪತ್ತೆರಡು. ಕೊನೆಯದು ಹತ್ತೊಂಬತ್ತೂವರೆ. ಇಪ್ಪತ್ತಾರು ವರ್ಷದ ಹೆಸರು ಆ ಇಳಿಜಾರಿನಲ್ಲಿ ಸವೆದುಹೋದದ್ದು ಅವಳಿಗೆ ಬರಿಗಣ್ಣಿಗೆ ಕಂಡಿತು.

"ನೀನಾ ಅಕ್ಕಾ ಇದನ್ನ ಹಾಕಿಸಿದ್ದು?" ಎಂದ ಪಂಕ್ಚರ್ ಅಂಗಡಿಯವನು. "ನನ್ನ ಹೊಟ್ಟೆಗೆ ಕಲ್ಲು ಹಾಕಿದೆಯಲ್ಲ! ಮೊದಲು ವಾರಕ್ಕೆ ಎರಡು ಗಾಡಿ ಆದ್ರೂ ಸೊಟ್ಟಗಾಗಿ ನನ್ನ ಬಾಗಿಲಿಗೆ ಬರ್ತಿತ್ತು. ಮೂರು ವಾರ ಆಯ್ತು, ಒಂದು ಬಂಪರ್ ಮುಖ ನೋಡಿಲ್ಲ ನಾನು."

"ತಮಾಷೆ ಸಾಕು. ಗಾಡಿಗಳು ನಿಧಾನ ಆಗ್ತಿವೆಯಾ, ಇಲ್ವಾ?"

"ಮೊನ್ನೆ ಮಧ್ಯಾಹ್ನ ಎರಡು ಗಂಟೆ. ಪಾಳಿ ಬಿಟ್ಟು ಹೆಂಗಸರೆಲ್ಲ ದಾಟ್ತಾ ಇದಾರೆ. ಸಿಮೆಂಟ್ ಲಾರಿ ಬಂತು ಮೇಲಿಂದ. ಡ್ರೈವರ್ ತಲೆ ಎದೆ ಮೇಲೆ ಬಿದ್ದಿದೆ, ನಾನೇ ಕಣ್ಣಾರೆ ನೋಡಿದೆ. ಮೊದಲ ಗಡಗಡಕ್ಕೆ ಏಳಲಿಲ್ಲ. ಮೂರಕ್ಕೆ ತಲೆ ಎತ್ತಿದ. ಆರನೇದಕ್ಕೆ ಬ್ರೇಕ್ ಮೇಲೆ ನಿಂತುಬಿಟ್ಟಿದ್ದ ಮಾರಾಯ್ತಿ! ಏಳನೇದರ ಮೇಲೆ ಲಾರಿ ನಿಂತಿತು. ಇಳಿದು ಬಂದು ನನ್ನ ಕೊಡದ ನೀರಲ್ಲಿ ಮುಖ ತೊಳೆದು ಹೋದ. ಆ ಹೆಂಗಸರಿಗೆ ಏನೂ ಗೊತ್ತೇ ಆಗಲಿಲ್ಲ. ಹರಟೆ ಹೊಡ್ಕೊಂಡು ದಾಟಿ ಹೋದರು."

ಟೇಪಕ್ಕ ಟೇಪು ಸುತ್ತಿದಳು. ಬೇರೆ ಕಡೆ ಹಾಕಿದ ಸಮಸಮದ ಗಡಗಡ ಅವಳಿಗೆ ಗೊತ್ತಿತ್ತು. ಅದೇ ದಾರಿಯಲ್ಲಿ ದಿನಾ ಓಡಾಡುವವರಿಗೆ ಅದು ಕೆಲವೇ ದಿನಗಳಲ್ಲಿ ಜೋಗುಳದ ಹಾಗೆ ಒಗ್ಗಿಹೋಗುತ್ತದೆ. ಇದು ಒಗ್ಗುವ ಜಾತಿಯದಲ್ಲ. ಇದು ಬೆನ್ನಟ್ಟಿ ಬರುತ್ತದೆ. ತನ್ನ ಕೆಟ್ಟ ಮಂಡಿ ಒಂದು ಒಳ್ಳೆಯ ಕೆಲಸ ಮಾಡಿಬಿಟ್ಟಿದೆ, ಅದನ್ನು ಯಾರಿಗೂ ಹೇಳುವ ಹಾಗಿಲ್ಲ ಎಂಬುದು ಅವಳಿಗೆ ನಗುವನ್ನೂ ತಂದಿತು, ಸಿಟ್ಟನ್ನೂ ತಂದಿತು.

ಆ ವಾರವೇ ಇಂಜಿನಿಯರು ಕೆಲಸ ಪಾಸು ಮಾಡಲು ಬಂದರು. ವಯಸ್ಸಿನ್ನೂ ಮೂವತ್ತು ದಾಟಿರಲಿಲ್ಲ. ಕೆಟ್ಟವರಲ್ಲ, ಆದರೆ ಕಾಗದ ಕೈಯಲ್ಲಿದ್ದರೆ ಕಣ್ಣಿಗೆ ಬೇರೇನೂ ಕಾಣದ ಜಾತಿ. ತಾವೇ ಟೇಪು ಹಿಡಿದು ಅಳೆದರು. ಮುಖ ಸಣ್ಣದಾಯಿತು. ಮೇಸ್ತ್ರಿಯನ್ನು ಕರೆದು ನಕ್ಷೆ ತೋರಿಸಿದರು. ಸೋಮವಾರ ಇದನ್ನೆಲ್ಲ ಕೆರೆದು ತೆಗೆಯಬೇಕು, ಮೂವತ್ತು ಮೂವತ್ತಕ್ಕೆ ಹೊಸದಾಗಿ ಹಾಕಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೇಸ್ತ್ರಿ ಸಂಜೆ ಲಾರಿಯ ಹಿಂದೆ ಎಲ್ಲರ ಮೇಲೂ ಹರಿಹಾಯ್ದ. ಪೆಟ್ಟಿಗೆ ತಳ್ಳುವ ಇಬ್ಬರಲ್ಲಿ ಚಿಕ್ಕವನಿಗೆ ಹೆಚ್ಚು ಬಿತ್ತು.

"ಗುರುತು ಹಾಕೋನು ನೀನು ತಾನೇ? ಅಕ್ಕ ನಿಂತ ಜಾಗದಲ್ಲಿ ಹಾಕಬೇಕು ಅಂತ ಗೊತ್ತಿಲ್ವಾ? ಕತ್ತೆ ಕಾಯೋಕೆ ಹೋಗು!"

"ಅಕ್ಕ ನಿಂತಲ್ಲೇ ಹಾಕಿದೀನಿ ಮೇಸ್ತ್ರಿ."

"ಹಾಗಾದ್ರೆ ಅಕ್ಕನ ಹೆಜ್ಜೆ ತಪ್ಪಿತು ಅಂತೀಯಾ? ನಿನ್ನ ನಾಲಿಗೆ ಸೀಳ!"

ಅವನು ತಲೆ ತಗ್ಗಿಸಿದ. ಟೇಪಕ್ಕ ಬಟ್ಟೆಯ ಮೇಲಿನಿಂದ ಮಂಡಿಯ ಪಟ್ಟಿ ಮುಟ್ಟಿ ನೋಡಿದಳು. ಸುಮ್ಮನಿದ್ದರೆ ಎಲ್ಲ ಸಲೀಸು. ಪಟ್ಟಿ ಹೋಗುತ್ತದೆ, ಹೊಸದು ಬರುತ್ತದೆ, ಮಂಡಿ ಪಟ್ಟಿಯೊಳಗೇ ಉಳಿಯುತ್ತದೆ, ಲಾರಿಯಲ್ಲಿ ಜಾಗವೂ ಉಳಿಯುತ್ತದೆ. ಎರಡು ಗಂಟೆಗೆ ದಾಟುವ ಆ ಹೆಂಗಸರಂತೂ ಬಂದು ಕೇಳುವುದಿಲ್ಲ. ತಮಗೆ ಏನು ತಪ್ಪಿತೆಂದು ಗೊತ್ತಿಲ್ಲದವರು ಏನೆಂದು ಕೇಳಿಯಾರು?

ಭಾನುವಾರವೆಲ್ಲ ಅವಳು ಮನೆಯಲ್ಲಿ ಕಂಡಕಂಡ ಪಾತ್ರೆ ಕುಕ್ಕಿದಳು. ಗಂಡ ಕೇಳಿದ್ದಕ್ಕೆ, "ನಾಳೆ ನಿನ್ನ ಬಸ್ಸು ಇಳಿಜಾರಿಗೆ ಎಷ್ಟು ಗಂಟೆಗೆ ಬರುತ್ತೆ?" ಎಂದಷ್ಟೇ ಕೇಳಿದಳು.

"ಹತ್ತು ನಲವತ್ತಕ್ಕೆ. ಯಾಕೆ?"

"ತಡ ಮಾಡಬೇಡ."

ಸೋಮವಾರ ಕೆರೆಯುವ ಯಂತ್ರ ಬಂತು. ಇಂಜಿನಿಯರೂ ಬಂದರು. ಮೇಲಿನ ಮೊದಲ ಕಂತಿನಿಂದ ಶುರುವೆಂದು ಮೇಸ್ತ್ರಿ ಯಂತ್ರವನ್ನು ಅಲ್ಲಿಗೆ ತಂದು ನಿಲ್ಲಿಸಿದ. ಹತ್ತೂವರೆಗೆ ಟೇಪಕ್ಕ ಹೋಗಿ ಯಂತ್ರದ ಮುಂದೆ, ಪಟ್ಟಿಗಳ ಮೇಲೆ ಕೂತಳು. ಕೂರುವುದು ಅಷ್ಟು ಸುಲಭವಿರಲಿಲ್ಲ. ಎಡಗಾಲು ನೀಡಿ, ಎರಡೂ ಕೈ ಊರಿ ಕೂರಬೇಕಾಯಿತು.

"ಅಕ್ಕಾ, ಬಿಸಿಲು ಹತ್ತಿತಾ? ಏಳು," ಎಂದ ಮೇಸ್ತ್ರಿ.

"ಏಳಲ್ಲ. ಇದನ್ನ ಕೆರೆಯೋಕೆ ಬಿಡಲ್ಲ."

"ಇದೇನು ನಿಮ್ಮಪ್ಪನ ರಸ್ತೇನಾ?"

"ನಿಮ್ಮಪ್ಪಂದಾ? ಹಾಕಿದವಳು ನಾನು, ಕೂತವಳೂ ನಾನು. ಯಂತ್ರ ಹತ್ತಿಸ್ತೀಯಾ? ಹತ್ತಿಸು."

ಇಂಜಿನಿಯರು ಕಾಗದ ಹಿಡಿದು ಬಂದರು. "ಅಮ್ಮಾ, ನೋಡಿ, ಅಳತೆ ತಪ್ಪಿದೆ. ನಕ್ಷೆ ಪ್ರಕಾರ ಇರಬೇಕು."

"ಸಾರ್, ಸ್ಟಿಯರಿಂಗ್ ಹಿಡಿದು ತೂಕಡಿಸೋನು ನಕ್ಷೆನಾ, ಮನುಷ್ಯನಾ?"

ಅವರು ನಕ್ಷೆ ಬಿಡಿಸತೊಡಗಿದರು. ಅಷ್ಟರಲ್ಲಿ ಹೆದ್ದಾರಿಯ ಕಡೆಯಿಂದ ಬಸ್ಸು ತಿರುಗಿ ಬಂದು ಗಕ್ಕೆಂದು ನಿಂತಿತು. ಹತ್ತು ನಲವತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏ ಇವಳೇ! ರಸ್ತೆ ಮಧ್ಯ ಏನೇ ಮಾಡ್ತಿದೀಯ?"

"ಕಾಣಲ್ವಾ? ಕೂತಿದೀನಿ. ಈ ಸಾಹೇಬರನ್ನ ಬಸ್ಸಿಗೆ ಹತ್ತಿಸ್ಕೋ. ಮುಂದಿನ ಸೀಟಲ್ಲಿ ಕೂರಿಸಿ, ಮೀಟರ್ ಮೇಲೆ ಬಟ್ಟೆ ಮುಚ್ಚಿ, ಕೆಳಗೆ ಕರ್ಕೊಂಡು ಹೋಗು. ವೇಗ ಎಷ್ಟಿತ್ತು ಅಂತ ಅವರ ಬಾಯಿಂದಲೇ ಹೇಳಿಸು."

"ಇದೆಲ್ಲ ಏನಮ್ಮಾ ಮಕ್ಕಳಾಟ," ಎಂದರು ಇಂಜಿನಿಯರು.

ಬಸ್ಸಿನೊಳಗಿನಿಂದ ಯಾರೋ ಕೂಗಿದರು: "ಹತ್ತಿ ಸ್ವಾಮೀ, ನಮಗೆ ಹೊತ್ತಾಯ್ತು! ಟಿಕೆಟ್ ನಾನೇ ತೆಗಿಸ್ತೀನಿ!"

ಬಸ್ಸೆಲ್ಲ ನಕ್ಕಿತು. ಸಾಹೇಬರಿಗೆ ಹತ್ತುವುದಕ್ಕಿಂತ ಕೆಳಗೆ ನಿಲ್ಲುವುದೇ ಕಷ್ಟವಾಗಿ ಹತ್ತಿದರು. ಟೇಪಕ್ಕ ಒಂದು ಮಗ್ಗುಲಿಗೆ ಸರಿದು ದಾರಿ ಬಿಟ್ಟಳು. ಬಸ್ಸು ಇಳಿಯಿತು. ಗಡಗಡ ಎಂಬ ಸದ್ದು ಮೊದಲು ಬಿಡಿಬಿಡಿಯಾಗಿ, ಬರಬರುತ್ತಾ ಒತ್ತೊತ್ತಾಗಿ ಮೇಲಿನವರೆಗೂ ಕೇಳಿಸಿತು. ತಂಡದವರೆಲ್ಲ ಕಿವಿಗೊಟ್ಟು ನಿಂತಿದ್ದರು. ತಾವೇ ಹಾಕಿದ್ದನ್ನು ಹೀಗೆ ನಿಂತು ಕೇಳಿದ್ದು ಅದೇ ಮೊದಲು.

ಕೆಳಗೆ ಇಳಿದ ಇಂಜಿನಿಯರು ಏರು ಹತ್ತಿಕೊಂಡು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು.

"ಎಷ್ಟು ಅಂದ್ರಿ ಸಾರ್?" ಎಂದಳು ಕೂತಲ್ಲಿಂದಲೇ.

"ಕೊನೇಲಿ ಅರವತ್ತು ದಾಟಿರಬೇಕು ಅಂದೆ," ಎಂದರು ಅವರು. "ಬಟ್ಟೆ ತೆಗೆದು ನೋಡಿದ್ರೆ ಮೂವತ್ತೈದು ಇತ್ತು."

ಇಂಜಿನಿಯರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಹೀಗೆ ಅಂತರ ಕಡಿಮೆ ಮಾಡ್ತಾ ಬರೋ ಪದ್ಧತಿ ಉಂಟು. ಓದುವಾಗ ಪುಸ್ತಕದಲ್ಲಿ ನೋಡಿದ್ದೆ. ಆದ್ರೆ ನಮ್ಮ ನಕ್ಷೆಯಲ್ಲಿ ಇಲ್ಲ."

"ಗೊತ್ತಿದ್ದೂ ಗೊತ್ತಿದ್ದೂ ಕೆರೆಯೋಕೆ ಹೇಳಿದ್ರಾ?"

"ಅಮ್ಮಾ, ನಾನು ಬರೆಯಬೇಕಲ್ಲ. ಈ ಅಂತರ ಯಾರು ಗೊತ್ತು ಮಾಡಿದ್ರು, ಯಾವ ಆಧಾರದ ಮೇಲೆ ಅಂತ ಮೇಲಿನವರು ಕೇಳ್ತಾರೆ. ಏನು ಹೇಳಲಿ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಚಿಕ್ಕವನು ಗುರುತು ತಪ್ಪಿಸಿದ ಎನ್ನಬಹುದಿತ್ತು. ಅನುಭವದಿಂದ ಬೇಕೆಂದೇ ಹಾಕಿದೆ ಎಂದು ಹೇಳಿ ಜಾಣೆಯೂ ಆಗಬಹುದಿತ್ತು. ಅವಳು ಬಟ್ಟೆ ಸರಿಸಿ ಮಂಡಿಯ ಪಟ್ಟಿ ಬಿಚ್ಚಿದಳು. ಮಂಡಿ ಊದಿ, ಹೊಳೆಯುತ್ತಾ, ಮನುಷ್ಯರ ಕಾಲಿನದಲ್ಲ ಎಂಬಂತಿತ್ತು.

"ಇದರ ಆಧಾರದ ಮೇಲೆ ಅಂತ ಬರೀರಿ. ಒಂದೂವರೆ ವರ್ಷ ಆಯ್ತು ಇದು ಹೋಗಿ. ಇಳಿಜಾರಲ್ಲಿ ಕಾಲು ನೀಡೋಕಾಗಲ್ಲ, ಹೆಜ್ಜೆ ಗಿಡ್ಡ ಆಗ್ತಾ ಹೋಯ್ತು. ಗುರುತು ಹಾಕಿದವನದ್ದು ತಪ್ಪಿಲ್ಲ. ಕಂಬ ನೆಟ್ಟವನದ್ದೂ ತಪ್ಪಿಲ್ಲ. ತಪ್ಪು ನಂದು. ಆದ್ರೆ ಈ ತಪ್ಪನ್ನ ಕೆರೆಯೋಕೆ ಬಿಡಲ್ಲ."

ಮೇಸ್ತ್ರಿ ಆ ಮಂಡಿ ನೋಡಿದ. ಚಪ್ಪಲಿ ನೋಡಿದ. ಮುಖ ತಿರುಗಿಸಿದ.

ಇಂಜಿನಿಯರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬಹಳ ಹೊತ್ತು ಬರೆದರು. ಅಂತರ ಇದ್ದ ಹಾಗೆ ಇರಲಿ, ಪರೀಕ್ಷೆಗೆಂದು ಬಿಟ್ಟಿದ್ದೇವೆ, ಮೇಲಿನವರ ಅಪ್ಪಣೆ ಬೇಕು ಎಂದು ಬರೆದರಂತೆ. ಮಂಡಿಯ ಮಾತು ಬರೆಯಲಿಲ್ಲ. ಬರೆದದ್ದು ಮೇಲೆ ಹೋಯಿತು. ಮೇಲಿನಿಂದ ಇಂದಿಗೂ ಉತ್ತರವಿಲ್ಲ. ಉತ್ತರ ಬರುವವರೆಗೆ ಪಟ್ಟಿಯೂ ಹೋಗುವಂತಿಲ್ಲ. ಅಷ್ಟರಮಟ್ಟಿಗೆ ಮೇಲಿನವರ ಸೋಮಾರಿತನ ಎರಡು ಗಂಟೆಯ ಪಾಳಿಯ ಹೆಂಗಸರನ್ನು ಕಾಯುತ್ತಿದೆ.

ಟೇಪಕ್ಕನನ್ನು ಕಾಯುವವರು ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಲಾರಿ ಬಂದು ನಿಂತಾಗ ಮೇಸ್ತ್ರಿ ಅವಳ ಕಡೆ ನೋಡಲಿಲ್ಲ.

ಅವಳು ಹೋಗಿ ಅವನ ಮುಂದೆಯೇ ನಿಂತಳು. "ಲೋ ತಮ್ಮಾ," ಎಂದಳು, ಎಲ್ಲರ ಎದುರಿಗೆ. "ಮುಖ ಕೊಟ್ಟು ಹೇಳು. ಬರಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳು."

"ಕಾಲಿಲ್ಲದವಳನ್ನ ಕಟ್ಕೊಂಡು ನಾನೇನು ಮಾಡಲಿ ಅಕ್ಕಾ?"

"ನನ್ನ ಕಾಲಿನ ಮೇಲೆ ಇಪ್ಪತ್ತಾರು ವರ್ಷ ನಡೆದ್ರಲ್ಲ, ಆಗ ಕಾಲು ಯಾರದು ಅಂತ ಕೇಳಿದ್ಯಾ? ನಡಿಗೆ ಬೇಡ. ಬಾಯ್ಲರ್ ಕೊಡು. ನಿಂತಲ್ಲೇ ಕೆಲಸ ಅದು. ಪುಡಿ ಕರಗಿದ್ದು ಸೌಟಿಂದ ಹೇಗೆ ಇಳಿಯುತ್ತೆ ಅಂತ ನೋಡಿ, ಹದ ಹೇಳೋದು ನಿನಗಿಂತ ನನಗೆ ಚೆನ್ನಾಗಿ ಗೊತ್ತು."

"ಬಾಯ್ಲರಿಗೆ ಜನ ಇದಾರೆ."

ಬಾಯ್ಲರಿನವನು ಉಗುರು ನೋಡಿಕೊಳ್ಳುತ್ತಿದ್ದ. ಬಾವುಟದವನು ಆಗಲೇ ಲಾರಿ ಹತ್ತಿ ಆಚೆ ಮುಖ ಮಾಡಿ ಕೂತಿದ್ದ. ಒಗ್ಗಟ್ಟು ಎಂಬುದು ಹಾಡಿನಲ್ಲಿ ಬರುವಷ್ಟು ಸುಲಭವಾಗಿ ಬೆಳಗಿನ ಏಳು ಗಂಟೆಗೆ ಬರುವುದಿಲ್ಲ. ಇಳಿದದ್ದು ಇಬ್ಬರೇ. ಬೈಸಿಕೊಂಡಿದ್ದ ಚಿಕ್ಕವನು ಮೊದಲು ಇಳಿದ. ಮಣಿ ಎರಚುವವಳು ಅವನ ಹಿಂದೆ ಇಳಿದಳು.

"ನೀವ್ಯಾಕ್ರೋ ಇಳಿದ್ರಿ?"

"ಅಕ್ಕ ಹತ್ತಲಿ, ಹತ್ತುತ್ತೀವಿ," ಎಂದ ಚಿಕ್ಕವನು. ಮಣಿಯವಳು ಡಬ್ಬಿ ನೆಲಕ್ಕಿಟ್ಟು ಕೂತುಬಿಟ್ಟಳು.

ಮೇಸ್ತ್ರಿ ಮನಸ್ಸಿನಲ್ಲಿ ಲೆಕ್ಕ ಹಾಕಿದ. ಒಬ್ಬನೇ ಪೆಟ್ಟಿಗೆ ತಳ್ಳಲಾಗದು. ಮಣಿಯಿಲ್ಲದ ಪಟ್ಟಿ ಕತ್ತಲಲ್ಲಿ ಗಾಡಿಯ ದೀಪಕ್ಕೆ ಹೊಳೆಯದು, ಪಾಸಾಗದು. ಕರುಣೆಗೆ ಕರಗಿದನೆಂದು ಯಾರೂ ತಿಳಿಯಬೇಕಾಗಿಲ್ಲ. ಇಬ್ಬರು ಕಡಿಮೆಯಾದರೆ ಆ ದಿನದ ಕೆಲಸ ಏಳುತ್ತಿರಲಿಲ್ಲ, ಅಷ್ಟೇ.

"ಬಾಯ್ಲರಿನವನೇ, ನೀನು ಇವತ್ತು ಪೆಟ್ಟಿಗೆ ಕಡೆ ಕೈ ಹಾಕು," ಎಂದ. ಟೇಪಕ್ಕನ ಕಡೆ ತಿರುಗಿ, "ಎಷ್ಟು ದಿನ ಅಂತ ಹೀಗೆ ಅಕ್ಕಾ?"

"ಇವತ್ತು ಹತ್ತಿಸು. ನಾಳೆಯ ಜಗಳ ನಾಳೆ."

ಲಾರಿಯ ಹಿಂದಿನ ಏಣಿಗೆ ಮೂರು ಮೆಟ್ಟಿಲು. ಚಿಕ್ಕವನು ಕೈ ಕೊಡಲು ಬಂದ. ಅವಳು ಆ ಕೈಯನ್ನು ಸರಿಸಿ, ಸರಳು ಹಿಡಿದು, ಎಡಗಾಲನ್ನು ಮೂಟೆಯಂತೆ ಎತ್ತಿಟ್ಟು ತಾನೇ ಹತ್ತಿದಳು. ಹೊತ್ತು ಹಿಡಿಯಿತು. ಎಲ್ಲರೂ ಕಾದರು. ಒಳಗೆ ಗಾಜಿನ ಮಣಿಯ ಮೂಟೆಗಳಿದ್ದವು. ಅವುಗಳ ಮೇಲೆ ಯಾರೂ ಕೂರಬಾರದೆಂದು ಮೇಸ್ತ್ರಿಯ ಕಟ್ಟಪ್ಪಣೆ. ಅವಳು ಒಂದನ್ನು ಬಾಯ್ಲರಿನ ಪಕ್ಕಕ್ಕೆ ಎಳೆದುಕೊಂಡು, ಅದರ ಮೇಲೆ ಕೂತು, ಕಾಲು ನೀಡಿದಳು.

"ಬಿಡೋ ಗಾಡಿ," ಎಂದಳು.